ಹಾಲಿನ ಬಟವಾಡೆ ಮತ್ತು ಮನೆಯ ಲೆಕ್ಕ

ಸಹಕಾರ ನಮ್ಮ ನಾಡಿಗೆ ಹೊಸದಲ್ಲ. 1905ರಲ್ಲೇ ಗದಗ ಬಳಿಯ ಕಣಗಿನಹಾಳದಲ್ಲಿ ಶ್ರೀ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಆದರೆ ಸಣ್ಣ ಒಕ್ಕಲುಮನೆಗೆ ತಪ್ಪದೆ ನಗದು ಬರತೊಡಗಿದ್ದು ಹಾಲಿನ ಸಂಘಗಳಿಂದ. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಯೋಜನೆ ಶುರುವಾಗಿ, ಆಣಂದ್ ಮಾದರಿಯಲ್ಲಿ ಹಳ್ಳಿಹಳ್ಳಿಗೂ ಸಂಘಗಳು ಹಬ್ಬಿದವು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ರೂಪುಗೊಂಡಿತು.

ಅದಕ್ಕೆ ಮುಂಚೆ ಮನೆಯ ಲೆಕ್ಕವೆಲ್ಲ ಸುಗ್ಗಿಯಿಂದ ಸುಗ್ಗಿಗೆ. ನಡುವೆ ಉಪ್ಪು, ಎಣ್ಣೆಗೆ ಅಂಗಡಿಯ ಉದ್ರಿ. ಕಾಯಿಲೆ, ಮದುವೆಗೆ ಸಾಹುಕಾರರ ಸಾಲ. ಹದಿನೈದು ದಿನಕ್ಕೊಮ್ಮೆ ಬಟವಾಡೆ ಆಗುವ ಊರುಗಳಲ್ಲಿ ಉದ್ರಿಯ ವಾಯಿದೆಯೂ ಬಟವಾಡೆಗೇ ಬಂತು. ಹಟ್ಟಿಯಲ್ಲಿ ದುಡಿಯುವ ಹೆಣ್ಣುಮಕ್ಕಳ ಕೈಗೂ ನಾಲ್ಕು ಕಾಸು ಸೇರಿತು.

ಆದರೆ ಹಸು ವರ್ಷವಿಡೀ ಕರೆಯೋದಿಲ್ಲ. ಕರು ಹಾಕುವ ಮುಂಚೆ ಸುಮಾರು 60 ದಿನ ಹಾಲು ಬತ್ತಿಸಲೇಬೇಕು. ಒಂದೇ ಹಸುವಿನ ಮನೆಗೆ, ವರ್ಷಕ್ಕೊಂದು ಕರು ಎಂದರೂ, 24 ಬಟವಾಡೆಯಲ್ಲಿ ಸಿಗೋದು 20. ಮೇವು, ಹಿಂಡಿ ಮಾತ್ರ ನಿಲ್ಲೋದಿಲ್ಲ. ಹಳೇ ಸಾಲ ಮತ್ತೆ ಒಳಗೆ ಬರೋದು ಈ ನಾಲ್ಕು ಬಟವಾಡೆಯ ಸಂದಿನಲ್ಲೇ.

ಹಿಂಡಿಯ ಹಣ ಮುರಿದು ಕೈಗೆ 3,000 ರೂಪಾಯಿ ಬಂದರೆ 500 ಎತ್ತಿಡಿ, ಉಳಿದ 2,500ರಲ್ಲಿ ಸಂಸಾರ ನಡೆಸಿ. ಇಪ್ಪತ್ತು ಸಲಕ್ಕೆ 10,000 ಆಯಿತು. ಬತ್ತಿದ ನಾಲ್ಕು ಬಟವಾಡೆಗೂ ತಲಾ 2,500 ಸಿಕ್ಕಿತು! ಈದ ಹೊಸದರಲ್ಲಿ ಹಾಲು ಜಾಸ್ತಿ, ಆಗಲೇ ಹೆಚ್ಚು ಎತ್ತಿಡುವುದು ಒಳ್ಳೇದು.

ಸಂಘ ಬಟವಾಡೆ ಕೊಡಬಲ್ಲದು. ಅದನ್ನು ವರ್ಷಪೂರ್ತಿ ಬರುವಂತೆ ಮಾಡುವುದು ನಮ್ಮ ಮನೆಯೊಡತಿಯರ, ಯಜಮಾನರ ಕೈಯಲ್ಲಿದೆ.