ಸಂಬಳವೂ ಇದೆ, ಸ್ವಂತ ಕಂಪೆನಿಯೂ ಇದೆ: ಇನ್‌ಕಮ್ ಟ್ಯಾಕ್ಸ್ ಲೆಕ್ಕ ಹೇಗೆ?

ಸೋಲಾಪುರ ಅಂದರೆ ಚಾದರ, ಟವೆಲ್‌ಗಳ ಊರು. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆ ಗಡಿಭಾಗದ ತಾಲೂಕು, ಹಳ್ಳಿಗಳಲ್ಲಿ ಕನ್ನಡವೇ ಮಾತು. ಸೋಲಾಪುರದ ಫ್ಯಾಕ್ಟರಿಯೊಂದರಲ್ಲಿ ಸಂಬಳದ ಕೆಲಸ, ಅಕ್ಕಲಕೋಟೆಯಲ್ಲಿ ಮನೆಯವರ ಜೊತೆ ಸೇರಿ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪೆನಿ. ಹೀಗಿರುವ ಒಬ್ಬರ ಉದಾಹರಣೆ ತೆಗೆದುಕೊಳ್ಳೋಣ. ವ್ಯಾಪಾರಕ್ಕೆಂದು ಮಹಾರಾಷ್ಟ್ರಕ್ಕೆ ಹೋದ ಬ್ಯಾರಿ ಯುವಕನಿಗೂ, ಮಂಗಳೂರಲ್ಲೇ ಇರುವವನಿಗೂ ಇನ್‌ಕಮ್ ಟ್ಯಾಕ್ಸ್ ಕಾನೂನು ಒಂದೇ.

ಮೊದಲು ತಿಳಿಯಬೇಕಾದ್ದು, ಕಂಪೆನಿ ಬೇರೆ, ಮಾಲಕ ಬೇರೆ. ಕಂಪೆನಿಗೆ ಅದರದ್ದೇ ಪಾನ್ ಇರುತ್ತದೆ. ಅದು ಐಟಿಆರ್-6 ಸಲ್ಲಿಸಬೇಕು. ವ್ಯವಹಾರ ಎಷ್ಟೇ ಚಿಕ್ಕದಿದ್ದರೂ ಲೆಕ್ಕಪರಿಶೋಧನೆ ಕಡ್ಡಾಯ. ಡೈರೆಕ್ಟರ್ ಆದವರು ತಮ್ಮ ಹೆಸರಿನ ರಿಟರ್ನ್‌ಗೆ ಸುಲಭದ ಐಟಿಆರ್-1 ಅಥವಾ ಐಟಿಆರ್-4 ಬಳಸುವಂತಿಲ್ಲ. ಸಂಬಳ, ಡಿವಿಡೆಂಡ್ ಮಾತ್ರ ಇದ್ದರೆ ಐಟಿಆರ್-2. ಅದರ ಜೊತೆ ಸ್ವಂತ ಹೆಸರಲ್ಲೂ ವ್ಯಾಪಾರ ಇದ್ದರೆ ಐಟಿಆರ್-3. ಕಂಪೆನಿಯೇ ಇಲ್ಲ, ಬರೀ ಸ್ವಂತ ಹೆಸರಿನ ಅಂಗಡಿ ಅಂತಾದರೆ ಕಥೆ ಬೇರೆ. ಆಗ ಅಂಗಡಿಯ ಲಾಭ ನೇರ ಮಾಲಕನ ಆದಾಯಕ್ಕೇ ಸೇರುತ್ತದೆ.

ಹೆಚ್ಚಿನವರು ಎಡವುವುದು ಟಿಡಿಎಸ್‌ನಲ್ಲಿ. 2025-26ರಲ್ಲಿ ಫ್ಯಾಕ್ಟರಿ ಸಂಬಳ 9 ಲಕ್ಷ ರೂ., ಸ್ವಂತ ಕಂಪೆನಿಯಿಂದ ಸಂಬಳ 6 ಲಕ್ಷ ರೂ. ಎಂದಿಟ್ಟುಕೊಳ್ಳಿ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ತೆರಿಗೆಗೆ ರಿಯಾಯಿತಿ ಇರುವುದರಿಂದ ಎರಡೂ ಕಡೆಯವರು ಒಂದು ಪೈಸೆಯೂ ಕಡಿಯುವುದಿಲ್ಲ. ಆದರೆ ರಿಟರ್ನ್‌ನಲ್ಲಿ ಎರಡನ್ನೂ ಕೂಡಿಸಬೇಕು. 75,000 ರೂ. ಸ್ಟ್ಯಾಂಡರ್ಡ್ ಡಿಡಕ್ಷನ್ ಸಿಗುವುದು ಒಮ್ಮೆ ಮಾತ್ರ. ಉಳಿಯುವ 14.25 ಲಕ್ಷಕ್ಕೆ ಸೆಸ್ ಸೇರಿ ತೆರಿಗೆ 97,500 ರೂ. ಜುಲೈಯಲ್ಲಿ ಇಷ್ಟು ಹಣ ಒಮ್ಮೆಲೇ ಎಲ್ಲಿಂದ ತರುವುದು? ಮುಂಗಡ ತೆರಿಗೆ ಕಟ್ಟದಿದ್ದುದಕ್ಕೆ ತಿಂಗಳಿಗೆ ಶೇ. 1ರಂತೆ ಬಡ್ಡಿ ಬೇರೆ. ವರ್ಷದ ಆರಂಭದಲ್ಲೇ ಇನ್ನೊಂದು ಸಂಬಳದ ವಿವರವನ್ನು ಫ್ಯಾಕ್ಟರಿಗೆ ಲಿಖಿತವಾಗಿ ಕೊಟ್ಟರೆ ಅವರೇ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಕಡಿಯುತ್ತಾರೆ. ಇಲ್ಲವಾದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕಂತಿನಲ್ಲಿ ಮುಂಗಡ ತೆರಿಗೆ ಕಟ್ಟಬೇಕು. ಅಂದಹಾಗೆ, ಹೊರಗೆ ಇನ್ನೊಂದು ಸಂಬಳ ತೆಗೆದುಕೊಳ್ಳಲು ಅವಕಾಶ ಇದೆಯೇ ಎಂದು ನೇಮಕಾತಿ ಪತ್ರವನ್ನೊಮ್ಮೆ ಓದಿ ನೋಡುವುದು ಒಳ್ಳೆಯದು.

ಲಾಭವನ್ನು ಡಿವಿಡೆಂಡ್ ಆಗಿ ಪಡೆದರೆ, ಕಂಪೆನಿ ತೆರಿಗೆ ಕಟ್ಟಿದ ಮೇಲೂ ಶೇರುದಾರ ತನ್ನ ಸ್ಲ್ಯಾಬ್‌ನಂತೆ ಮತ್ತೆ ಕಟ್ಟಬೇಕು. 2020ರ ಎಪ್ರಿಲ್‌ನಿಂದ ಹೀಗಿದೆ.

ಇದನ್ನು ತಪ್ಪಿಸಲು ಕೆಲವರು ‘ಕಂಪೆನಿಯಿಂದ ಕೈಸಾಲ’ ಎಂದು ಬರೆಸಿ ಮನೆ ಕಟ್ಟಲು, ಮದುವೆಗೆ ಹಣ ತೆಗೆಯುತ್ತಾರೆ. ದೊಡ್ಡ ಅಪಾಯ ಇಲ್ಲೇ ಇರುವುದು. ಶೇ. 10 ಅಥವಾ ಅದಕ್ಕಿಂತ ಹೆಚ್ಚು ಮತಾಧಿಕಾರದ ಶೇರು ಇರುವವರಿಗೆ ಇಂಥ ಖಾಸಗಿ ಕಂಪೆನಿ ಕೊಡುವ ಸಾಲವನ್ನು, ಕಂಪೆನಿಯಲ್ಲಿ ಕೂಡಿಟ್ಟ ಲಾಭದ ಮಟ್ಟಿಗೆ, ಡಿವಿಡೆಂಡ್ ಎಂದೇ ಲೆಕ್ಕ ಹಿಡಿಯಲಾಗುತ್ತದೆ. ಬಡ್ಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಅದೇ ವರ್ಷ ವಾಪಸ್ ಕಟ್ಟಿದರೂ ತೆರಿಗೆ ತಪ್ಪದು ಎಂದು ತರುಲತಾ ಶ್ಯಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲೇ ಹೇಳಿದೆ. ತುರ್ತಿಗೆ ಹಣ ಬೇಕಿದ್ದರೆ ಸಂಬಳವಾಗಿಯೇ ಪಡೆದು ತೆರಿಗೆ ಕಟ್ಟುವುದು ಲೇಸು. ಆ ಸಂಬಳ ಕಂಪೆನಿಗೆ ಖರ್ಚಾಗಿಯಾದರೂ ಸಿಗುತ್ತದೆ.

ಮಹಾರಾಷ್ಟ್ರದಲ್ಲಿ ವೃತ್ತಿ ತೆರಿಗೆಯೂ ಇದೆ. ಒಬ್ಬ ವ್ಯಕ್ತಿಗೆ ವರ್ಷಕ್ಕೆ 2,500 ರೂ. ಮೀರುವಂತಿಲ್ಲ, ಎರಡೂ ಕಡೆ ಕಡಿತ ಆಗುತ್ತಿದ್ದರೆ ತಿಳಿಸಿ ಸರಿಪಡಿಸಿಕೊಳ್ಳಬೇಕು. ಕಂಪೆನಿಯದ್ದು ಬೇರೆಯೇ ನೋಂದಣಿ.

ರಿಟರ್ನ್ ತುಂಬುವ ಮೊದಲು ಎರಡೂ ಕಡೆಯ ಫಾರ್ಮ್ 16, 26ಎಎಸ್ ಮತ್ತು ಎಐಎಸ್ ಒಟ್ಟಿಗಿಟ್ಟು ತಾಳೆ ನೋಡಿ. 2026ರ ಎಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದ್ದರೂ, 2025-26ರ ಆದಾಯಕ್ಕೆ 1961ರ ಹಳೆಯ ಕಾಯ್ದೆಯೇ ಅನ್ವಯ.