ನೆಲದೊಳಗಿನ ಕಣಜ: ಭೀಮಾ ತೀರದ ಬರ ಮತ್ತು ಹಗೇವು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಎರೆಸೀಮೆಯಲ್ಲಿ ಮಳೆ ಕೈಕೊಡುವುದು ಅಪರೂಪವಲ್ಲವಾದ್ದರಿಂದ, ಒಕ್ಕಲು ಮನೆಗಳು ಬರ ಎದುರಿಸುವ ಸಿದ್ಧತೆಯನ್ನು ಸುಗ್ಗಿಯಲ್ಲೇ ಮಾಡಿಕೊಳ್ಳುತ್ತಿದ್ದವು. ಆ ಸಿದ್ಧತೆಯ ಮುಖ್ಯ ರೂಪ ಹಗೇವು, ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಕಣಜ.

ಎರೆಮಣ್ಣು ತೇವಕ್ಕೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ, ಊರೊಳಗಿನ ಎತ್ತರದ ಗಟ್ಟಿ ಗರಸು ನೆಲವನ್ನು ಆರಿಸಿ, ಬಾಯಿ ಕಿರಿದಾಗಿ ಒಡಲು ಅಗಲವಾಗಿ ಹಗೇವು ತೋಡುತ್ತಿದ್ದರು. ತಳಕ್ಕೂ ಪಕ್ಕಕ್ಕೂ ಕಣಿಕೆ, ಹೊಟ್ಟು ಹೊಂದಿಸಿ, ಚೆನ್ನಾಗಿ ಒಣಗಿದ ಜೋಳ ಸುರಿದು, ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ, ಕಾಳು, ಹುಳು, ಬೂಷ್ಟುಗಳ ಉಸಿರಾಟದಿಂದ ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತಿತ್ತು. ಹುಳು ಸಾಯುತ್ತಿತ್ತು, ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಅದೇ ಗಾಳಿ ಮನುಷ್ಯನಿಗೂ ಮಾರಕವಾದ್ದರಿಂದ, ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು ರೂಢಿ. ಅಂಚಿನ ಕಾಳು ಮುಗ್ಗು ಹಿಡಿದರೂ ನಡುವಿನದು ರೊಟ್ಟಿಗೆ ಒದಗುತ್ತಿತ್ತು.

ಇದನ್ನು ಹೊಗಳುವವರು ಮರೆಯುವ ಸಂಗತಿಯೊಂದಿದೆ. ದೊಡ್ಡ ಹಗೇವುಗಳು ಮಿಗುವಷ್ಟು ಬೆಳೆಯುವ ಗೌಡ, ಸಾಹುಕಾರರ ಮನೆಗಳವು. ಹೊಲವಿಲ್ಲದವರಿಗೆ ಅವುಗಳ ಜೋಳ ಬಡ್ಡಿ ಸೇರಿಸಿ ಮರಳಿ ಅಳೆದುಕೊಡಬೇಕಾದ ಸಾಲದ ಕಾಳು.

ಬರ ವರ್ಷದ ಮೇಲೆ ವರ್ಷ ಮುಂದುವರಿದರೆ ಉಳ್ಳವರ ಹಗೇವೂ ಬರಿದಾಗುತ್ತಿತ್ತು. ಕಲಬುರಗಿ ರಾಜಧಾನಿಯಾಗಿದ್ದ ಕಾಲದಲ್ಲಿ ಬರ ಬಿದ್ದಾಗ ಬಹಮನಿ ಸುಲ್ತಾನ ಎರಡನೆಯ ಮುಹಮ್ಮದ್ ಶಾ (1378–1397) ಹತ್ತು ಸಾವಿರ ಎತ್ತುಗಳ ಮೇಲೆ ಮಾಳವ, ಗುಜರಾತಿನಿಂದ ಧಾನ್ಯ ಹೇರಿಸಿ ಅಗ್ಗದ ಬೆಲೆಗೆ ಮಾರಿಸಿದನೆಂದು ಇತಿಹಾಸಕಾರ ಫಿರಿಸ್ತಾ ಬರೆದಿದ್ದಾನೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆಯಿರಬಹುದು, ಆದರೆ ಬರ ಒಂದು ಮನೆಯ ಅಳತೆಯನ್ನು ಮೀರಿತ್ತೆಂಬುದು ಸ್ಪಷ್ಟ. 1791–92ರ ಬರ ಉತ್ತರ ಕರ್ನಾಟಕದ ನೆನಪಿನಲ್ಲಿ ‘ಡೋಗಿ ಬರ’ವಾಗಿ ಉಳಿದಿದೆ.

ಮನಸ್ಸಿನ ಸಿದ್ಧತೆಗೆ ಗುರ್ಜಿ ಇತ್ತು. ಮಳೆ ತಡವಾದಾಗ ರೊಟ್ಟಿ ಹಂಚಿನ ಮೇಲೆ ಮಣ್ಣಿನ ಮೂರ್ತಿಯಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುವ ಈ ಆಚರಣೆಯಲ್ಲಿ, ಹೊತ್ತವನ ಮೇಲೆ ಪ್ರತಿ ಮನೆಯವರೂ ನೀರು ಸುರಿದು ಹಿಟ್ಟು, ಕಾಳು ನೀಡುತ್ತಿದ್ದರು. ಆತಂಕವನ್ನು ಮನೆಯೊಳಗೇ ಇಟ್ಟುಕೊಳ್ಳದೆ ಊರೇ ಹಂಚಿಕೊಳ್ಳುವ ಬಗೆ ಅದಾಗಿತ್ತು.

ಈ ಎಲ್ಲ ಸಿದ್ಧತೆಯೂ ಬರವೆಂಬ ಒಂದೇ ವಿಪತ್ತಿಗೆ ಒಗ್ಗಿದ್ದು. ಬಿಸಿಲು ತಡೆಯಲೆಂದು ಕಲ್ಲಿನ ಗೋಡೆಯ ಮೇಲೆ ದಪ್ಪ ಮಣ್ಣು ಹೇರಿದ ಮಾಳಿಗೆ ಮನೆ ಎಷ್ಟು ಅಪಾಯಕಾರಿಯೆಂಬುದು, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಆಳಂದದ ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ತಿಳಿಯಿತು. ಇತ್ತ ಪಡಿತರದ ಅಕ್ಕಿ ಬಂದು, ಜೋಳದ ಹೊಲಗಳಿಗೆ ತೊಗರಿ ಹಬ್ಬಿದ ಮೇಲೆ ಹಗೇವುಗಳು ಮುಚ್ಚಿಹೋದವು. 2020ರ ಅಕ್ಟೋಬರಿನಲ್ಲಿ ಭಾರಿ ಮಳೆಯ ಜೊತೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರೂ ಸೇರಿ ಭೀಮೆ ಅಫಜಲಪುರ, ಜೇವರ್ಗಿಯ ದಂಡೆಯ ಊರುಗಳಿಗೆ ನುಗ್ಗಿದಾಗ, ಸರ್ಕಾರ ತೆರೆದ ಕಾಳಜಿ ಕೇಂದ್ರಗಳಿಗೆ ಹೊರಟ ಕುಟುಂಬಗಳಿಗೆ ಬೇಕಾಗಿದ್ದದ್ದು ಹೂತಿಡುವ ಜಾಣ್ಮೆಯಲ್ಲ, ಎತ್ತಿಕೊಂಡು ಹೊರಡುವ ಜಾಣ್ಮೆ.