ವಿಕ್ತ್ವಾರ್ ಎಂಬ ಹೆಸರೂ ಚಿನ್ನದ ಗಣಿಯ ಜಯಮೇರಿಯೂ

ಬೌರಿಂಗ್‌ಪೇಟೆಯು ಬಂಗಾರಪೇಟೆಯಾದುದನ್ನು ಎಲ್ಲರೂ ಬಲ್ಲರು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರಾಗಿದ್ದ ಲೆವಿನ್ ಬೌರಿಂಗರ ಹೆಸರಿನ ಎಡೆಯಲ್ಲಿ ಚಿನ್ನವನ್ನು ಸೂಚಿಸುವ ಹೆಸರು ನಿಂತಿತು. ಧ್ವನಿ ಕೊಂಚ ಉಳಿದು ಅರ್ಥ ಬದಲಾಯಿತು. ವಿಕ್ತ್ವಾರ್ ಎಂಬ ಫ್ರೆಂಚ್ ಸ್ತ್ರೀನಾಮದ ಗತಿ ಇದಕ್ಕೆ ವಿಪರ್ಯಯವಾದುದು: ಇಲ್ಲಿ ಧ್ವನಿ ಅಳಿದು ಅರ್ಥವು ಉಳಿದಿದೆ.

ಈ ಪದದ ಮೂಲ ಲ್ಯಾಟಿನ್ ಭಾಷೆಯ ವಿಕ್ಟೋರಿಯಾ, ಎಂದರೆ ಜಯ. ರೋಮನರಿಗೆ ಜಯದೇವತೆಯಾಗಿದ್ದ ಈ ಹೆಸರು ಮುಂದೆ ಕ್ರೈಸ್ತ ಹುತಾತ್ಮೆಯದಾಯಿತು. ಫ್ರಾನ್ಸಿನಲ್ಲಿ ಹದಿನೈದನೆಯ ಲೂಯಿಯ ಮಗಳು ವಿಕ್ತ್ವಾರಳಿಂದ (1733–1799) ಅರಮನೆಯ ಹೆಸರೂ ಆಯಿತು. ಲಾ ರೋಷೆಲ್ ಪಟ್ಟಣವು 1628ರಲ್ಲಿ ವಶವಾದುದಕ್ಕೆ ಕೃತಜ್ಞತೆಯಾಗಿ ಹದಿಮೂರನೆಯ ಲೂಯಿಯು 1629ರಲ್ಲಿ ಪ್ಯಾರಿಸಿನ 'ವಿಜಯಗಳ ಮಾತೆ'ಯ ದೇವಾಲಯಕ್ಕೆ ಅಸ್ತಿಭಾರವಿಟ್ಟನು. 1836ರಲ್ಲಿ ಅಲ್ಲಿ ಆರಂಭವಾದ ಭಕ್ತಸಂಘದಿಂದ ಆ ಬಿರುದು ದೂರದೇಶಗಳಿಗೂ ಹಬ್ಬಿತು.

ಕನ್ನಡನಾಡಿಗೆ ಈ ಹೆಸರು ಎರಡು ದಾರಿಗಳಿಂದ ಬಂದಿತು. ಆಂಗ್ಲ ರಾಣಿಯ ಹೆಸರಾಗಿ ಬಂದುದು 1900ರಲ್ಲಿ ತೆರೆದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಂತಹ ಕಟ್ಟಡಗಳಲ್ಲಿ ನೆಲೆಸಿತು. ಇನ್ನೊಂದು ಭಕ್ತಿಯ ದಾರಿ. ಮೈಸೂರು ಸೀಮೆಯ ಕ್ಯಾಥೊಲಿಕ್ ಸಭೆಗಳನ್ನು ಬಹುಕಾಲ ನಡೆಸಿದವರು ಪ್ಯಾರಿಸಿನ ಧರ್ಮಪ್ರಚಾರಕರು. ಕೋಲಾರ ಚಿನ್ನದ ಗಣಿ ಪ್ರದೇಶದ ಚಾಂಪಿಯನ್ ರೀಫ್ಸ್‌ನ ದೇವಾಲಯವು ವಿಜಯಗಳ ಮಾತೆಯದೇ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕೈಹಾಕಿದ ಮೇಲೆ ಉತ್ತರ ಆರ್ಕಾಟು ಮೊದಲಾದ ಕಡೆಗಳಿಂದ ಬಂದ ಕಾರ್ಮಿಕರಲ್ಲಿ ಕ್ರೈಸ್ತರೂ ಇದ್ದರು. ಇಂತಹ ಕುಟುಂಬಗಳಲ್ಲಿ ಜಯಮೇರಿ, ಜಯರಾಣಿ ಎಂಬ ಹೆಸರುಗಳು ಸಾಮಾನ್ಯ.

ಆದರೆ ಇವೆಲ್ಲವೂ ಆ ದೇವಾಲಯದಿಂದಲೇ ಹುಟ್ಟಿದುವೆಂದು ಹೇಳುವುದು ದುಡುಕಾದೀತು. ತಮಿಳು ಕನ್ನಡ ಕ್ರೈಸ್ತರಲ್ಲಿ ಅವು ಬೇರೆಡೆಯೂ ಉಂಟು. 'ಜಯ' ಎಂಬುದು ನಮ್ಮಲ್ಲಿ ಮೊದಲೇ ಮಂಗಳಕರ ಹೆಸರಾಗಿದ್ದುದರಿಂದಲೇ ಪರದೇಶದ ಅರ್ಥಕ್ಕೆ ಇಲ್ಲಿ ಸುಲಭವಾಗಿ ಮನೆ ದೊರೆಯಿತೆನ್ನಬಹುದು. ಇದನ್ನು ನಿರ್ಣಯಿಸಬೇಕಾದುವು ಜ್ಞಾನಸ್ನಾನದ ದಾಖಲೆಗಳು, ಸಮಾಧಿಯ ಕಲ್ಲುಗಳು.

ಗಣಿಯು 2001ರ ಫೆಬ್ರವರಿ 28ರಂದು ಮುಚ್ಚಿತು. ಅನೇಕ ಕುಟುಂಬಗಳು ಚದುರಿದುವು. ಸುರಂಗದಲ್ಲಿ ದುಡಿದ ಗಂಡಸರ ಹೆಸರು ಕೂಲಿಯ ಪಟ್ಟಿಗಳಲ್ಲಿ ಸೇರಿದುವು. ಅವರ ತಾಯಿ, ಹೆಂಡತಿ, ಹೆಣ್ಣುಮಕ್ಕಳ ಹೆಸರಿಗೆ ದೇವಾಲಯದ ಪುಸ್ತಕಗಳೇ ಮುಖ್ಯ ಆಸರೆ. ನಮ್ಮ ವಿದ್ಯಾರ್ಥಿಗಳು ಅವನ್ನು ಈಗಲೇ ನಕಲು ಮಾಡಿಕೊಳ್ಳುವುದು ಯುಕ್ತ. ಚಿನ್ನದ ಲೆಕ್ಕವನ್ನು ಕಂಪೆನಿಗಳು ಇಟ್ಟುವು; ಹೆಸರುಗಳ ಲೆಕ್ಕವನ್ನು ನಾವು ಇಡಬೇಕು.